ಮನೆಯ ಮೇಲೆ ಸಾಲ ಎತ್ತಿ ಉದ್ಯಮ ಆರಂಭಿಸಬಹುದೇ?

ಮನೆಯ ಸಾಲ ಬಹುಪಾಲು ತೀರಿದೆ, ಅದನ್ನೇ ಮತ್ತೆ ಅಡವಿಟ್ಟು ಸ್ವಂತ ಉದ್ಯಮಕ್ಕೆ ಕೈ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಇದನ್ನೇ ಮಾಡಿದವನು. ಮಾಡಬಹುದು. ಆದರೆ ಮನೆಗೆ ಎಷ್ಟು ಸಾಲ ಹುಟ್ಟುತ್ತದೆ ಎಂಬಲ್ಲಿಂದ ಲೆಕ್ಕ ಶುರು ಮಾಡಬೇಡಿ. ನಾನು ಎಡವಿದ್ದು ಅಲ್ಲೇ.

ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಮೌಲ್ಯಮಾಪಕರು ಬಂದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದರು. ನಾನು ಅಕ್ಕರೆಯಿಂದ ಮಾಡಿಸಿದ್ದ ಮರಗೆಲಸದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರು ಕಟ್ಟಿದ ಬೆಲೆಯಲ್ಲಿ ಒಂದು ಪಾಲಷ್ಟೇ ಸಾಲ, ಅದರಲ್ಲೂ ಹಳೆಯ ಬಾಕಿ ಮುರಿದುಕೊಂಡರು. ಆದರೂ ಕೈಗೆ ಬಂದದ್ದು ನನ್ನ ಅಗತ್ಯಕ್ಕಿಂತ ಹೆಚ್ಚೇ. ಸಿಗುತ್ತಿದೆಯಲ್ಲ ಎಂದು ಪೂರ್ತಿ ಎತ್ತಿದೆ.

ಕಂತು ಮರುತಿಂಗಳೇ ಆರಂಭವಾಯಿತು. ಮುದ್ರಣ ಯಂತ್ರ ಬಂದು ಕೂರಲು ಎರಡು ತಿಂಗಳು ಹಿಡಿಯಿತು. ಮೊದಲ ಬಿಲ್ಲಿನ ಹಣ ವಸೂಲಾದದ್ದು ಐದನೆಯ ತಿಂಗಳು. ಅಲ್ಲಿಯವರೆಗೆ ಸಾಲದ ಹಣದಲ್ಲೇ ಸಾಲದ ಕಂತು ಕಟ್ಟಿದೆ!

ಶೇ 12ರ ಬಡ್ಡಿ, 15 ವರ್ಷದ ಅವಧಿ ಎಂದುಕೊಳ್ಳಿ. ಲಕ್ಷಕ್ಕೆ ತಿಂಗಳ ಕಂತು ಸುಮಾರು 1,200. ಮೊದಲ ಕಂತಿನಲ್ಲಿ 1,000 ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು 200 ಮಾತ್ರ. ತೀರುವ ಹೊತ್ತಿಗೆ ಲಕ್ಷಕ್ಕೆ 2,16,000 ಕಟ್ಟಿರುತ್ತೀರಿ. 7 ವರ್ಷಕ್ಕಾದರೆ ಕಂತು 1,765ರ ಆಸುಪಾಸು, ಒಟ್ಟು 1,48,000. ಕಂತು ಹಗುರವೆಂದು ನಾನು ಉದ್ದದ ಅವಧಿ ಆರಿಸಿಕೊಂಡೆ. ಮೊದಲ ವರ್ಷದ ಬಾಡಿಗೆಗೂ ಸಂಬಳಕ್ಕೂ ಖರ್ಚಾಗಿಹೋದ ಹಣಕ್ಕೆ ಇಂದಿಗೂ ಬಡ್ಡಿ ತೆರುತ್ತಿದ್ದೇನೆ. ದೀರ್ಘಾವಧಿ ಸಾಲ ಯಂತ್ರಕ್ಕೆ ಸರಿ. ದೈನಂದಿನ ಖರ್ಚಿಗೆ ಓವರ್‌ಡ್ರಾಫ್ಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ಎತ್ತಿ ಮರಳಿ ಕಟ್ಟುವ ಸಾಲ, ಸಿಕ್ಕರೆ ವಾಸಿ, ಬಳಸಿದಷ್ಟಕ್ಕೇ ಬಡ್ಡಿ.

ಕಂಪನಿ ನೋಂದಾಯಿಸಿಬಿಟ್ಟರೆ ನಷ್ಟ ಕಂಪನಿಯದು, ನಿಮ್ಮದಲ್ಲ ಎಂದು ಯಾರಾದರೂ ಹೇಳಿಯಾರು. ಮನೆಪತ್ರವನ್ನು ಒಪ್ಪಿಸಿದ ಮೇಲೆ ಆ ರಕ್ಷಣೆ ಮನೆಗೆ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಪಾಲುಳ್ಳವರಿಗೆ ಸಹಿಯ ದಿನವಲ್ಲ, ಅದಕ್ಕೆ ಬಹಳ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿ.

ಈಗ ಮತ್ತೆ ಮಾಡುವುದಾದರೆ, ಉದ್ಯಮದಿಂದ ಒಂದು ಕಾಸೂ ಬಾರದಿದ್ದರೂ ಮನೆಯ ಉಳಿದ ಆದಾಯದಲ್ಲಿ ಎಷ್ಟು ಕಂತು ಕಟ್ಟಬಲ್ಲೆ ಎಂದು ಮೊದಲು ಬರೆದುಕೊಳ್ಳುತ್ತೇನೆ. ಸಾಲದ ಮೊತ್ತ ಅದರಿಂದ ಹೊರಡಬೇಕು. ಒಂದು ವರ್ಷದ ಕಂತಿನ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು ಮರೆತುಬಿಡುತ್ತೇನೆ. ಅವಧಿಗೆ ಮೊದಲೇ ತೀರಿಸಿದರೆ ಶುಲ್ಕ ಎಷ್ಟು ಎಂಬುದನ್ನು ಬರಹದಲ್ಲೇ ಕೇಳಿ ಪಡೆಯುತ್ತೇನೆ, ನಾನು ಕೇಳಿರಲಿಲ್ಲ.