ಕ್ಯಾಟ್‌ಜಿ ಕೆಟ್ಟರೂ ಕ್ಷಯದ ಬ್ಯಾಕ್ಟೀರಿಯಾ ಸಾಯುವುದಿಲ್ಲವೇಕೆ?

ಪ್ರಶ್ನೆ: ನನ್ನ ಅಣ್ಣನಿಗೆ ಶ್ವಾಸಕೋಶದ ಕ್ಷಯವಿದೆ. ಕಫ ಪರೀಕ್ಷೆಯ ವರದಿಯಲ್ಲಿ ‘ಕ್ಯಾಟ್‌ಜಿ’ ವಂಶವಾಹಿಯಲ್ಲಿ ಬದಲಾವಣೆ ಕಂಡುಬಂದಿದ್ದು, ಐಸೋನಿಯಾಜಿಡ್ ಮಾತ್ರೆ ನಾಟುವುದಿಲ್ಲವೆಂದು ವೈದ್ಯರು ಔಷಧ ಬದಲಿಸಿದ್ದಾರೆ. ಬಿಳಿ ರಕ್ತಕಣಗಳ ದಾಳಿಯಿಂದ ಬ್ಯಾಕ್ಟೀರಿಯಾವನ್ನು ಕಾಪಾಡುವ ಕಿಣ್ವವೇ ಕ್ಯಾಟ್‌ಜಿ ಎಂದು ಓದಿದೆ. ಹಾಗಿದ್ದರೆ ಅದು ಕೆಟ್ಟಾಗ ಬ್ಯಾಕ್ಟೀರಿಯಾವೇ ಸಾಯಬೇಕಲ್ಲವೇ? – ಓದುಗರು, ಹಾಸನ

ಉತ್ತರ: ನಿಮ್ಮ ತರ್ಕದಲ್ಲಿ ತಪ್ಪಿಲ್ಲ. ಆ ಕಿಣ್ವ ಪೂರ್ತಿ ಕೆಟ್ಟಿದ್ದರೆ ಬ್ಯಾಕ್ಟೀರಿಯಾ ನಿಜಕ್ಕೂ ಸೊರಗುತ್ತದೆ. ಆದರೆ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆ ಅದನ್ನು ಪೂರ್ತಿ ಕೆಡಿಸುವುದಿಲ್ಲ.

ಶ್ವಾಸಕೋಶಕ್ಕೆ ಬಂದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ನುಂಗಿ, ಒಂದು ಪುಟ್ಟ ಚೀಲದೊಳಗೆ ಕೂಡಿಹಾಕುತ್ತದೆ. ಆ ಚೀಲದ ಪೊರೆಯಲ್ಲಿರುವ ಕಿಣ್ವವೊಂದು ಆಮ್ಲಜನಕಕ್ಕೆ ಎಲೆಕ್ಟ್ರಾನ್ ಸೇರಿಸಿ ಸೂಪರಾಕ್ಸೈಡನ್ನು ತಯಾರಿಸುತ್ತದೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಪೆರಾಕ್ಸೈಡ್ ಕಬ್ಬಿಣದ ಅಯಾನನ್ನು ಸಂಧಿಸಿದರೆ ಡಿಎನ್‌ಎಯನ್ನೇ ಕತ್ತರಿಸಬಲ್ಲ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಚೀಲದ ಪೊರೆಯ ಆ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಲ್ಲಿ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾ ಕೂಡ ಮೈಯೆಲ್ಲ ಹರಡಬಹುದು ಎನ್ನುವುದನ್ನು ನೋಡಿದರೆ ಈ ದಾಳಿಯ ಮಹತ್ವ ತಿಳಿಯುತ್ತದೆ.

ಇದಕ್ಕೆ ಕ್ಷಯದ ಬ್ಯಾಕ್ಟೀರಿಯಾ ಒಡ್ಡುವ ಮುಖ್ಯ ತಡೆ ಕ್ಯಾಟ್‌ಜಿ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬಿಳಿ ನೊರೆ ಉಕ್ಕುವುದನ್ನು ನೀವು ಕಂಡಿರುತ್ತೀರಿ. ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಬರುವ ನೊರೆ ಅದು. ಕ್ಯಾಟ್‌ಜಿಯೂ ಇದೇ ಕೆಲಸ ಮಾಡುತ್ತದೆ. ಇದರ ಜೊತೆಗೆ ದಪ್ಪ ಕೊಬ್ಬಿನ ಹೊರಗೋಡೆ, ಸೂಪರಾಕ್ಸೈಡನ್ನು ತಟಸ್ಥಗೊಳಿಸುವ ಕಿಣ್ವಗಳು, ನಮ್ಮ ಕೋಶಗಳಲ್ಲಿ ಗ್ಲುಟಥಯೋನ್ ಎಂಬ ಅಣು ಮಾಡುವ ರಕ್ಷಣೆಯ ಕೆಲಸವನ್ನು ಮಾಡುವ ಮೈಕೋಥಯಾಲ್ ಎಂಬ ಗಂಧಕಯುಕ್ತ ಅಣು, ಇವೂ ಅದಕ್ಕಿವೆ.

ಈಗ ಮಾತ್ರೆಯ ವಿಷಯಕ್ಕೆ ಬರೋಣ. 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು. ಒಳಹೊಕ್ಕ ಮೇಲೆ ಕ್ಯಾಟ್‌ಜಿಯೇ ಅದನ್ನು ಚುರುಕುಗೊಳಿಸಬೇಕು; ಆಗಷ್ಟೇ ಅದು ಹೊರಗೋಡೆಯ ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ನಿಲ್ಲಿಸುತ್ತದೆ. ಬ್ಯಾಕ್ಟೀರಿಯಾ ತನ್ನನ್ನು ಕಾಯಲೆಂದು ಇಟ್ಟುಕೊಂಡ ಕಿಣ್ವವೇ ಅದರ ಸಾವಿಗೆ ದಾರಿ ಮಾಡಿಕೊಡುತ್ತದೆ. ಜೀವರಸಾಯನಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿಗಳು ಹೆಚ್ಚಿಲ್ಲ.

1950ರ ದಶಕದಲ್ಲಿ ಅಮೆರಿಕದ ಗಾರ್ಡನರ್ ಮಿಡಲ್‌ಬ್ರೂಕ್ ಈ ಔಷಧಕ್ಕೆ ಬಗ್ಗದ ಹಲವು ತಳಿಗಳು ಕ್ಯಾಟಲೇಸ್ ಕಳೆದುಕೊಂಡಿದ್ದನ್ನೂ ಅಂಥವು ಗಿನಿಪಿಗ್‌ಗಳಲ್ಲಿ ಅಷ್ಟಾಗಿ ರೋಗ ತರದಿದ್ದುದನ್ನೂ ಗುರುತಿಸಿದರು. ನಿಮ್ಮ ತರ್ಕ ನಿಜವಾಗುವುದು ಇಲ್ಲಿಯೇ. ಆದರೆ ರೋಗಿಗಳಲ್ಲಿ ಅತಿ ಸಾಮಾನ್ಯವಾಗಿ ಸಿಗುವ ಬದಲಾವಣೆಯಲ್ಲಿ ಕಿಣ್ವದ 315ನೆಯ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೋನೀನ್ ಬಂದಿರುತ್ತದೆ, ಅಷ್ಟೆ. ಔಷಧದ ಅಣು ಸೇರುವ ಕಿಂಡಿ ಕಿರಿದಾಗುತ್ತದೆ. ತೀರಾ ಚಿಕ್ಕದಾದ ಪೆರಾಕ್ಸೈಡ್ ಅಣುವಿಗೆ ಮಾತ್ರ ಅದು ಸಾಕು. ಹೀಗಾಗಿ ಪೆರಾಕ್ಸೈಡನ್ನು ಒಡೆಯುವ ಸಾಮರ್ಥ್ಯ ಬಹುಮಟ್ಟಿಗೆ ಉಳಿದು, ಮಾತ್ರೆ ಮಾತ್ರ ನಿಷ್ಫಲವಾಗುತ್ತದೆ. ಕ್ಯಾಟ್‌ಜಿಯನ್ನು ಪೂರ್ತಿ ಕಳೆದುಕೊಂಡ ಕೆಲವು ತಳಿಗಳು ಎಹೆಚ್‌ಪಿಸಿ ಎಂಬ ಇನ್ನೊಂದು ಕಿಣ್ವವನ್ನು ಹೆಚ್ಚಾಗಿ ತಯಾರಿಸಿ ಆ ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳುವುದೂ ಉಂಟು.

ಒಬ್ಬನೇ ರೋಗಿಯಲ್ಲಿರುವ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಸ್ಥಿತಿಯಲ್ಲಿಯೂ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮೈಕೋಥಯಾಲ್‌ನ ಸ್ಥಿತಿಗೆ ತಕ್ಕಂತೆ ಹೊಳಪು ಬದಲಾಗುವ ಹಸಿರು ಪ್ರೋಟೀನನ್ನು ಬ್ಯಾಕ್ಟೀರಿಯಾದೊಳಗೇ ಇರಿಸಿ ನೋಡಲಾಯಿತು. ಮ್ಯಾಕ್ರೋಫೇಜ್‌ಗಳೊಳಗೆ ಕೆಲವು ಬ್ಯಾಕ್ಟೀರಿಯಾಗಳು ಉತ್ಕರ್ಷಣದ (ಪೆರಾಕ್ಸೈಡ್‌ನಂಥವುಗಳ) ಹೊಡೆತಕ್ಕೆ ಸಿಕ್ಕಿದ್ದರೆ ಇನ್ನು ಕೆಲವು ಅದನ್ನು ಚೆನ್ನಾಗಿ ತಡೆದುಕೊಂಡಿದ್ದವು, ಮತ್ತು ತಡೆದುಕೊಂಡವು ಔಷಧಕ್ಕೂ ಸುಲಭವಾಗಿ ಬಗ್ಗಲಿಲ್ಲ. ಜ್ವರ, ಕೆಮ್ಮು ಇಳಿದ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗಿರುವುದಕ್ಕೆ ಇಂಥ ಉಳಿಕೆಗಳೂ ಕಾರಣ.

ನಿಮ್ಮ ಅಣ್ಣನವರಿಗೆ ಐಸೋನಿಯಾಜಿಡ್ ಒಂದಕ್ಕೇ ನಿರೋಧವಿದ್ದರೆ, ನಮ್ಮಲ್ಲಿ ಸಾಮಾನ್ಯವಾಗಿ ಲಿವೋಫ್ಲಾಕ್ಸಾಸಿನ್, ರಿಫಾಂಪಿಸಿನ್, ಎಥಾಂಬುಟಾಲ್ ಮತ್ತು ಪೈರಜಿನಮೈಡ್‌ಗಳನ್ನು ಆರು ತಿಂಗಳು ಕೊಡುತ್ತಾರೆ. ಈ ನಾಲ್ಕರಲ್ಲಿ ಯಾವುದಕ್ಕೂ ಕ್ಯಾಟ್‌ಜಿಯ ನೆರವು ಬೇಕಿಲ್ಲ. ರಿಫಾಂಪಿಸಿನ್ ಮತ್ತು ಲಿವೋಫ್ಲಾಕ್ಸಾಸಿನ್‌ಗೆ ನಿರೋಧವಿದೆಯೇ ಎಂಬ ಪರೀಕ್ಷೆಯ ಫಲಿತಾಂಶವೇನೆಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.