ವಾಹನ ಪ್ರಶ್ನೋತ್ತರ: ಎಸಿಯ ಗುಂಡಿ, ಮೀಟರಿನ ದೀಪ

ಕಾರಿನ ಎಸಿ ಮತ್ತು ಡ್ಯಾಶ್‌ಬೋರ್ಡಿನ ದೀಪಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದಿರುವ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಎತ್ತಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ. ಅದರಲ್ಲಿ ಹೇಳಿರುವ ತಪ್ಪನ್ನು ಮಳೆಗಾಲದಲ್ಲಿ ಬಯಲುಸೀಮೆಯಿಂದ ಮಲೆನಾಡಿಗೆ ಹೊರಡುವ ಅನೇಕರು ಮಾಡುತ್ತಾರೆ, ಮತ್ತು ಅದು ಜೀವಕ್ಕೆ ಎರವಾಗುವಂಥ ತಪ್ಪು.

ಪ್ರಶ್ನೆ: ಜುಲೈ ತಿಂಗಳಲ್ಲಿ ಮನೆಮಂದಿ ಐವರು ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಉಡುಪಿಗೆ ಹೊರಟಿದ್ದೆವು. ಆಗುಂಬೆಯ ಹತ್ತಿರ ಮಳೆ ಜೋರಾದಾಗ ಮುಂದಿನ ಗಾಜಿನ ಒಳಗೆಲ್ಲ ಆವಿ ಕಟ್ಟಿ ರಸ್ತೆಯೇ ಕಾಣದಂತಾಯಿತು. ಚಳಿಯೆಂದು ಎಸಿ ಆರಿಸಿದ್ದೆವು. ಮಗಳು ಬಟ್ಟೆಯಿಂದ ಗಾಜು ಒರೆಸುತ್ತಲೇ ಕುಳಿತಳು. ಘಾಟಿ ಇಳಿದ ಮೇಲೆ ಸೆಖೆಯೆಂದು ಎಸಿ ಹಾಕಿದರೆ ಗಾಜು ಮತ್ತೆ ಮಸುಕಾಯಿತು, ಈ ಸಲ ಒಳಗಿನಿಂದ ಒರೆಸಿದರೂ ಹೋಗಲಿಲ್ಲ. ಗಾಜು ಮಸುಕಾದಾಗ ಎಸಿ ಹಾಕಬೇಕೋ, ಆರಿಸಬೇಕೋ?
— ನಿವೃತ್ತ ಶಿಕ್ಷಕರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಘಾಟಿಯ ಮೇಲೆ ಎಸಿ ಹಾಕಬೇಕಿತ್ತು, ಇಳಿದ ಮೇಲೆ ಅದರ ತಂಪನ್ನು ಕಡಿಮೆ ಮಾಡಬೇಕಿತ್ತು. ಒಂದೇ ಪ್ರಯಾಣದಲ್ಲಿ ನಿಮಗೆ ಎರಡು ಬೇರೆ ಬೇರೆ ಮಸುಕುಗಳು ಎದುರಾಗಿವೆ, ಎರಡರ ಪರಿಹಾರವೂ ಒಂದಕ್ಕೊಂದು ತದ್ವಿರುದ್ಧ.

ಮೊದಲನೆಯದು ಗಾಜಿನ ಒಳಮೈಯಲ್ಲಿ ಕಟ್ಟಿದ ಆವಿ. ಐವರ ಉಸಿರು, ನೆನೆದ ಬಟ್ಟೆ, ಒದ್ದೆಯಾದ ಕಾಲುಹಾಸು ಎಲ್ಲವೂ ಮುಚ್ಚಿದ ಕಾರಿನೊಳಗಿನ ಗಾಳಿಗೆ ತೇವವನ್ನು ಸೇರಿಸುತ್ತಲೇ ಇರುತ್ತವೆ, ಮತ್ತು ಆ ತೇವ ಹೊರಗಿನ ಮಳೆಗೆ ತಣ್ಣಗಾದ ಗಾಜಿಗೆ ತಾಗಿದೊಡನೆ ಸಣ್ಣ ಹನಿಗಳಾಗಿ ಅಂಟಿಕೊಳ್ಳುತ್ತದೆ. ಎಸಿ ಎಂದರೆ ತಂಪು ಮಾಡುವ ಯಂತ್ರ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಗಾಳಿಯನ್ನು ಒಣಗಿಸುವ ಯಂತ್ರವೂ ಹೌದು. ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪೊರೇಟರ್ ಎಂಬ ತಣ್ಣನೆಯ ಜಾಲರಿಯ ಮೂಲಕ ಗಾಳಿ ಹಾದುಹೋಗುವಾಗ ಅದರೊಳಗಿನ ತೇವ ನೀರಾಗಿ ಇಳಿದು, ಸಣ್ಣ ಕೊಳವೆಯೊಂದರಿಂದ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ಕಾಣುವ ನೀರು ಇದೇ.

ಆದ್ದರಿಂದ ಇಂಥ ಸಂದರ್ಭದಲ್ಲಿ ಎಸಿ ಗುಂಡಿ ಒತ್ತಿ, ತಾಪಮಾನದ ನಾಬನ್ನು ನೀಲಿಯಿಂದ ಕೆಂಪಿನ ಕಡೆಗೆ ಅರ್ಧಕ್ಕಿಂತ ತುಸು ಹೆಚ್ಚು ತಿರುಗಿಸಿ, ಗಾಳಿಯನ್ನು ಮುಂದಿನ ಗಾಜಿಗೆ ಹರಿಸಿ, ಫ್ಯಾನನ್ನು ಜೋರು ಮಾಡಿ. ಎಸಿಯೂ ಬಿಸಿಯೂ ಒಟ್ಟಿಗೆ ಏಕೆಂದು ಅನುಮಾನ ಬೇಡ; ಜಾಲರಿಯಲ್ಲಿ ಒಣಗಿದ ಗಾಳಿ ಹೀಟರಿನ ಮೂಲಕ ಬೆಚ್ಚಗಾಗಿ ಬಂದರೆ ಗಾಜು ಬೇಗ ತಿಳಿಯಾಗುತ್ತದೆ, ಒಳಗಿರುವವರಿಗೆ ಚಳಿಯೂ ಆಗುವುದಿಲ್ಲ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ಬಿಸಿ ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವದಿಂದಲೇ ಬರುವುದರಿಂದ ಅದಕ್ಕೆಂದು ಬೇರೆ ಇಂಧನ ಖರ್ಚಾಗುವುದಿಲ್ಲ. ಬ್ಯಾಟರಿ ಕಾರಿನವರಿಗೆ ಮಾತ್ರ ಈ ಬಿಸಿ ಬ್ಯಾಟರಿಯ ಲೆಕ್ಕಕ್ಕೆ ಬೀಳುತ್ತದೆ.

ಇದರ ಜೊತೆಗೆ, ಕಾರಿನ ಚಿತ್ರದೊಳಗೆ ಬಾಣ ಸುತ್ತಿಕೊಂಡಿರುವ ಗುಂಡಿಯ ದೀಪ ಉರಿಯುತ್ತಿದ್ದರೆ ಅದನ್ನು ಆರಿಸಬೇಕು. ಅದು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವ ಗುಂಡಿ. ಮಳೆಯಲ್ಲಿ ಅದನ್ನು ಹಾಕಿಟ್ಟರೆ ಐವರ ಉಸಿರು ಒಳಗೇ ಉಳಿಯುತ್ತದೆ. ಬೀಸಣಿಗೆಯಾಕಾರದ ಗಾಜಿನ ಮೇಲೆ ಮೂರು ವಕ್ರಬಾಣಗಳಿರುವ ಗುಂಡಿ ನಿಮ್ಮ ಕಾರಿನಲ್ಲಿದ್ದರೆ ಅದನ್ನೊಂದು ಒತ್ತಿ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಎಸಿಯನ್ನೂ ಹೊರಗಾಳಿಯನ್ನೂ ತಾನೇ ತೆರೆಯುತ್ತದೆ. ಆಯತಾಕಾರದ ಗಾಜಿನ ಚಿತ್ರವಿರುವುದು ಹಿಂದಿನ ಗಾಜಿನ ತಂತಿಗಳನ್ನು ಬಿಸಿ ಮಾಡುವ ಗುಂಡಿ. ಆ ಗಾಜಿನ ಒಳಮೈಯನ್ನು ಗೀರಿ ಉಜ್ಜಿದರೆ ತಂತಿ ಕಡಿದುಹೋಗುತ್ತದೆ.

ಗಾಜು ತಿಳಿಯಾಯಿತೆಂದು ಒಡನೆಯೇ ಎಸಿ ಆರಿಸಬಾರದು. ಜಾಲರಿಯ ಮೇಲೆ ಇನ್ನೂ ನೀರು ಅಂಟಿಕೊಂಡಿರುತ್ತದೆ. ಎಸಿ ನಿಂತೊಡನೆ ಅದು ಆವಿಯಾಗಿ ಫ್ಯಾನಿನ ಗಾಳಿಯೊಡನೆ ನೇರವಾಗಿ ಗಾಜಿಗೆ ಬಡಿದು, ನಾಲ್ಕಾರು ಕ್ಷಣಗಳಲ್ಲಿ ಮೊದಲಿಗಿಂತ ದಟ್ಟವಾಗಿ ಮುಸುಕು ಹಾಕುತ್ತದೆ. ಘಾಟಿಯ ತಿರುವಿನ ನಡುವೆ ಹೀಗಾದರೆ ಏನು ಗತಿಯೆಂದು ಯೋಚಿಸಿ.

ಘಾಟಿಯ ಕೆಳಗೆ ಸೋಮೇಶ್ವರ, ಹೆಬ್ರಿಯ ಕಡೆ ಬಂದಾಗ ನಡೆದದ್ದು ಬೇರೆ. ಅಲ್ಲಿ ಹೊರಗಿನ ಗಾಳಿ ಬೆಚ್ಚಗೂ ತೇವವಾಗಿಯೂ ಇರುತ್ತದೆ; ನಿಮ್ಮ ಎಸಿ ಗಾಜನ್ನು ಒಳಗಿನಿಂದ ತಣ್ಣಗಾಗಿಸಿದ್ದರಿಂದ ಆವಿ ಗಾಜಿನ ಹೊರಮೈಯಲ್ಲಿ ಕಟ್ಟಿತು. ಒಳಗಿನಿಂದ ಒರೆಸಿದರೂ ಹೋಗದಿದ್ದುದು ಅದಕ್ಕೇ. ಆಗ ವೈಪರ್ ಒಂದೆರಡು ಸಲ ಆಡಿಸಿ, ಗಾಳಿಯನ್ನು ಗಾಜಿನಿಂದ ಕಾಲಿನ ಕಡೆಗೆ ತಿರುಗಿಸಿ, ತಾಪಮಾನವನ್ನು ಎರಡು ಮೂರು ಡಿಗ್ರಿ ಏರಿಸಿದರೆ ಸಾಕು. ಒಳಗಿನ ಮಸುಕೋ ಹೊರಗಿನದೋ ಎಂಬ ಸಂದೇಹ ಬಂದರೆ ಗಾಜಿನ ಒಳಮೈಗೆ ಬೆರಳು ತಾಗಿಸಿ. ಬೆರಳು ಒದ್ದೆಯಾದರೆ ಮಸುಕು ಒಳಗಿನದು.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಎಪಿಎಂಸಿ ಅಂಗಳದಲ್ಲಿ ಮಧ್ಯಾಹ್ನದವರೆಗೆ ಕಾರು ನಿಲ್ಲಿಸುತ್ತೇನೆ. ಹೊಸ ಕಾರಿನಲ್ಲಿ ಆಟೋಮ್ಯಾಟಿಕ್ ಎಸಿ ಇದೆ. ಬೇಗ ತಂಪಾಗಲೆಂದು ನಾನು ‘ಲೋ’ ಇಡುತ್ತೇನೆ, ಮನೆಯವರು 24 ಸಾಕು ಎನ್ನುತ್ತಾರೆ. ಇನ್ನೊಂದು ಸಂಗತಿ, ಕಾರು ಹೊರಡಿಸಿದಾಗ ಹೊರಗಿನ ತಾಪಮಾನ 46 ಡಿಗ್ರಿ ಎಂದು ತೋರಿಸುತ್ತದೆ. ದಾವಣಗೆರೆಯಲ್ಲಿ ಅಷ್ಟು ಬಿಸಿಲಿದೆಯೇ?
— ವ್ಯಾಪಾರಸ್ಥರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮನೆಯವರ ಮಾತು ಸರಿ. ಆಟೋ ಒತ್ತಿ 24 ಇಟ್ಟರೂ, ಒಳಗೆ ಕುದಿಯುತ್ತಿರುವಾಗ ಕಾರು ತನ್ನ ಪೂರ್ಣ ಶಕ್ತಿಯಿಂದಲೇ ತಂಪು ಮಾಡುತ್ತದೆ, ಫ್ಯಾನನ್ನು ತಾನೇ ಜೋರು ಮಾಡಿ, 24 ಹತ್ತಿರವಾದಂತೆ ತಾನೇ ತಗ್ಗಿಸುತ್ತದೆ. ‘ಲೋ’ ಎಂದರೆ ಎಲ್ಲಿಯೂ ನಿಲ್ಲದೆ ತಂಪು ಮಾಡುತ್ತಲೇ ಇರು ಎಂಬ ಅಪ್ಪಣೆ. ತಂಪು ಬರುವ ವೇಗ ಅದರಿಂದ ಹೆಚ್ಚುವುದಿಲ್ಲ, ಇಂಧನ ಮಾತ್ರ ಹೆಚ್ಚು ಖರ್ಚಾಗುತ್ತದೆ. ನಿಜವಾಗಿ ಬೇಗ ತಂಪಾಗಬೇಕಾದರೆ ಮೊದಲು ಬಾಗಿಲುಗಳನ್ನು ಒಂದು ನಿಮಿಷ ತೆರೆದಿಡಿ, ಕಿಟಕಿಗಳನ್ನು ಇಳಿಸಿಕೊಂಡೇ ಸ್ವಲ್ಪ ದೂರ ಓಡಿಸಿ, ಬೇಯುವ ಗಾಳಿ ಹೊರಹೋದ ಮೇಲೆ ಕಿಟಕಿ ಏರಿಸಿ ಒಳಗಾಳಿ ಸುತ್ತುವ ಗುಂಡಿಯನ್ನು ಒತ್ತಿ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ಬಿಸಿ ಹೊರಗಿಗಿಂತ ಸುಮಾರು 20 ಡಿಗ್ರಿಯಷ್ಟು ಏರಬಲ್ಲದು, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ. ಮಂಡಿಯಲ್ಲಿ ಐದು ನಿಮಿಷದ ಕೆಲಸವೆಂದು ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

46 ಡಿಗ್ರಿ ಎಂಬುದು ಊರಿನ ತಾಪಮಾನವಲ್ಲ. ಆ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದಿರುತ್ತದೆ. ಕಾದ ನೆಲದ ಮತ್ತು ಇಂಜಿನ್ನಿನ ಬಿಸಿ ಅದಕ್ಕೆ ತಟ್ಟುತ್ತದೆ. ಊರು ದಾಟಿ ಐದಾರು ಕಿಲೋಮೀಟರ್ ಗಾಳಿಗೆ ಓಡಿದ ಮೇಲೆ ಅಂಕೆ ಸರಿದಾರಿಗೆ ಬರುತ್ತದೆ. ಆಟೋಮ್ಯಾಟಿಕ್ ಎಸಿ ಇರುವ ಅನೇಕ ಕಾರುಗಳಲ್ಲಿ ಬಿಸಿಲನ್ನು ಅಳೆಯುವ ಸಣ್ಣ ಗುಬುಟೊಂದು ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ ಇರುತ್ತದೆ. ಅಲ್ಲಿ ದೇವರ ವಿಗ್ರಹ ಕೂರಿಸಿದ್ದರೆ ಅಥವಾ ಬಟ್ಟೆ ಹಾಸಿದ್ದರೆ ತುಸು ಪಕ್ಕಕ್ಕೆ ಸರಿಸಿ. ಗುಬುಟು ಮುಚ್ಚಿದ್ದರೆ ಕಾರಿಗೆ ಬಿಸಿಲಿನ ಅರಿವಾಗುವುದಿಲ್ಲ.

ಪ್ರಶ್ನೆ: ನಮ್ಮ ದುರ್ಗದ ಗಾಳಿ ನಿಮಗೆ ಗೊತ್ತೇ ಇದೆ, ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು ನಿಂತಿರುವ ಊರು. ಧೂಳಿನ ಭಯಕ್ಕೆ ಒಳಗಾಳಿಯ ಗುಂಡಿಯನ್ನು ಎಂದೂ ಆರಿಸಿಲ್ಲ. ಈಗ ಎಸಿಯ ಗಾಳಿ ಕಡಿಮೆಯಾಗಿದೆ, ಹಾಕಿದೊಡನೆ ಮುಗ್ಗಲು ವಾಸನೆ ಬರುತ್ತದೆ.
— ಬ್ಯಾಂಕ್ ನೌಕರರೊಬ್ಬರು, ಚಿತ್ರದುರ್ಗ

ಉತ್ತರ: ಗ್ಯಾಸ್ ತುಂಬಿಸಲು ಹಣ ಕೊಡುವ ಮೊದಲು ಕ್ಯಾಬಿನ್ ಫಿಲ್ಟರನ್ನು ತೆಗೆಸಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ನಿಮ್ಮ ಊರಿನ ಧೂಳಿಗೆ ಪುಸ್ತಕದಲ್ಲಿ ಹೇಳಿರುವ ಅವಧಿಗಿಂತ ಮೊದಲೇ ಕಟ್ಟಿಕೊಳ್ಳುತ್ತದೆ. ವಾಸನೆ ಬರುವುದು ಒದ್ದೆ ಜಾಲರಿಯ ಮೇಲೆ ಬೂಷ್ಟು ಬೆಳೆದು. ಮನೆ ತಲುಪಲು ಮೂರ್ನಾಲ್ಕು ನಿಮಿಷ ಇರುವಾಗ ಎಸಿ ಆರಿಸಿ, ಹೊರಗಾಳಿ ತೆರೆದು, ಬರೀ ಫ್ಯಾನ್ ಓಡಿಸಿದರೆ ಜಾಲರಿ ಒಣಗುತ್ತದೆ. ಧೂಳೆಬ್ಬಿಸುವ ಲಾರಿಯ ಹಿಂದಿರುವಾಗ ಒಳಗಾಳಿ ಸರಿಯೇ. ಆದರೆ ಬೆಂಗಳೂರಿನವರೆಗೂ ಹಾಗೆಯೇ ಹೋದರೆ ಎಲ್ಲರ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ಚಾಲಕರಿಗೆ ತೂಕಡಿಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆಯಾದರೂ ಹೊರಗಾಳಿ ಬಿಡಿ.

ಪ್ರಶ್ನೆ: ಹೊಸದಾಗಿ ಲೈಸೆನ್ಸ್ ಪಡೆದು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ದಿನವೂ ಹೆದ್ದಾರಿಯಲ್ಲಿ ಕಾರು ಓಡಿಸುತ್ತೇನೆ. ಮೀಟರಿನಲ್ಲಿ ಯಾವ ದೀಪ ಬಂದರೂ ಎದೆ ಹೊಡೆದುಕೊಳ್ಳುತ್ತದೆ. ಅಪ್ಪಾಜಿ ‘ಏನೂ ಆಗಲ್ಲ, ಓಡಿಸು’ ಎನ್ನುತ್ತಾರೆ. ಯಾವ ದೀಪಕ್ಕೆ ನಿಲ್ಲಿಸಬೇಕು?
— ಕಾಲೇಜು ಉಪನ್ಯಾಸಕಿಯೊಬ್ಬರು, ಹಿರಿಯೂರು

ಉತ್ತರ: ಬಣ್ಣವನ್ನು ಮೊದಲು ನೋಡಿ, ಚಿತ್ರವನ್ನು ಆಮೇಲೆ. ಹಸಿರು ಮತ್ತು ನೀಲಿ ಬರೀ ಮಾಹಿತಿ. ಹಳದಿ ಬಂದರೆ ಆದಷ್ಟು ಬೇಗ ತೋರಿಸಿ. ಓಡುತ್ತಿರುವಾಗ ಕೆಂಪು ಬಂದರೆ ನಿಲ್ಲಿಸಿ. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಒಮ್ಮೆ ಬೆಳಗಿ ಆರುವುದು ದೀಪ ಕೆಟ್ಟಿಲ್ಲವೆಂದು ತೋರಿಸುವುದಕ್ಕೆ, ಅದಕ್ಕೆ ಹೆದರಬೇಕಿಲ್ಲ.

ಕೆಂಪಿನಲ್ಲಿ ಎರಡನ್ನು ನಿಮ್ಮ ತಂದೆಯವರಿಗೂ ತಪ್ಪದೆ ತೋರಿಸಿ. ಎಣ್ಣೆಗಿಂಡಿಯ ಮೂತಿಯಿಂದ ಹನಿ ಬೀಳುವ ಚಿತ್ರ ಬಂದರೆ ಇಂಜಿನ್ನಿನಲ್ಲಿ ಆಯಿಲ್ ಒತ್ತಡ ಬಿದ್ದಿದೆ ಎಂದರ್ಥ. ಮುಂದಿನ ಊರಿನವರೆಗೆ ಎಂದು ಎಳೆದರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಸುರಕ್ಷಿತವಾಗಿ ಎಡಕ್ಕೆ ಸರಿದು ಕೂಡಲೇ ಇಂಜಿನ್ ಆರಿಸಬೇಕು. ನೀರಿನಲ್ಲಿ ನಿಂತ ಥರ್ಮಾಮೀಟರಿನ ಚಿತ್ರ ಕೆಂಪಾದರೆ ಇಂಜಿನ್ ಮಿತಿಮೀರಿ ಕಾದಿದೆ. ಅದೇ ಚಿತ್ರ ಬೆಳಿಗ್ಗೆ ನೀಲಿಯಾಗಿ ಕಂಡರೆ ಇಂಜಿನ್ ಇನ್ನೂ ತಣ್ಣಗಿದೆ, ಜೋರಾಗಿ ಎಳೆಯಬೇಡಿ ಎಂದಷ್ಟೇ ಅರ್ಥ. ಕೆಂಪಾದಾಗ ಲಾರಿಗಳ ನಡುವೆ ಸಿಕ್ಕಿಕೊಂಡು ಒಡನೆಯೇ ನಿಲ್ಲಿಸಲಾಗದಿದ್ದರೆ ಎಸಿ ಆರಿಸಿ, ತಾಪಮಾನದ ನಾಬನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಕಿಟಕಿ ಇಳಿಸಿ. ಒಳಗೆ ಬೆವರು ಕಿತ್ತುಬರುತ್ತದೆ, ನಿಜ. ಆದರೆ ಹೀಟರಿನ ಸಣ್ಣ ಜಾಲರಿ ಎರಡನೆಯ ರೇಡಿಯೇಟರಿನಂತೆ ಇಂಜಿನ್ನಿನ ಬಿಸಿಯನ್ನು ಕಾರಿನೊಳಕ್ಕೆ ಎಳೆದುಕೊಳ್ಳುವುದರಿಂದ, ಜಾಗ ಸಿಕ್ಕಿ ನಿಲ್ಲಿಸುವವರೆಗೆ ಇಂಜಿನ್ ಉಳಿಯುತ್ತದೆ. ನಿಂತ ಮೇಲೆ ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ಮುಟ್ಟಲೇಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿಯ ಕೆಂಪು ದೀಪ ಬ್ಯಾಟರಿಯ ದೋಷಕ್ಕಿಂತ ಹೆಚ್ಚಾಗಿ ಅದಕ್ಕೆ ಚಾರ್ಜ್ ಆಗುತ್ತಿಲ್ಲ ಎಂಬುದನ್ನು ಹೇಳುತ್ತದೆ. ಚಾರ್ಜ್ ಮಾಡುವ ಯಂತ್ರವನ್ನು ತಿರುಗಿಸುವ ಇಂಜಿನ್ನಿನ ಬೆಲ್ಟ್ ಹರಿದಿದ್ದರೆ ಸ್ಟೀರಿಂಗ್ ಭಾರವಾಗಬಹುದು, ಇಂಜಿನ್ ಕಾಯಲೂಬಹುದು. ಆದ್ದರಿಂದ ನಿಲ್ಲಿಸಿ ಬೆಲ್ಟ್ ನೋಡಿ, ಅದು ಸರಿಯಿದ್ದರೆ ಎಸಿ, ಫ್ಯಾನ್, ಹಾಡು ಎಲ್ಲವನ್ನೂ ಆರಿಸಿ ಹತ್ತಿರದ ಗ್ಯಾರೇಜಿಗೆ ಹೋಗಿ. ಬ್ರೇಕಿನ ಕೆಂಪು ದೀಪ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಕಾರು ಮುಂದಕ್ಕೆ ಒಯ್ಯಬೇಡಿ. ಹಳದಿ ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಊರು ಸೇರಬಹುದು. ಮಿಟುಕುತ್ತಿದ್ದರೆ ಇಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಸೈಲೆನ್ಸರಿನ ಕೊಳವೆಯಲ್ಲಿ ಹೊಗೆಯನ್ನು ಶುದ್ಧಮಾಡುವ ದುಬಾರಿ ಕನ್ವರ್ಟರ್ ಹಾಳಾಗುತ್ತದೆ, ನಿಧಾನಿಸಿ ನಿಲ್ಲಿಸಿ.

ಪ್ರಶ್ನೆ: ಚಳ್ಳಕೆರೆ ಪೇಟೆಯೊಳಗೇ ಓಡಾಡುವ ಡೀಸೆಲ್ ಕಾರು, ಬಿಎಸ್-6. ಹೊಗೆ ಕೊಳವೆಯೊಳಗೆ ಚುಕ್ಕೆಗಳಿರುವಂಥ ಹಳದಿ ದೀಪ ಪದೇ ಪದೇ ಬರುತ್ತದೆ.
— ಎಣ್ಣೆ ಗಿರಣಿಯ ಮಾಲೀಕರೊಬ್ಬರು, ಚಳ್ಳಕೆರೆ

ಉತ್ತರ: ಅದು ಡಿಪಿಎಫ್, ಎಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರಿನ ದೀಪ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ಮಾಲಿನ್ಯದ ಮಾನದಂಡ ಜಾರಿಯಾದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಈ ಫಿಲ್ಟರ್ ಬಂದಿದೆ. ಹಿಡಿದ ಮಸಿ ಸುಡಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು, ಪೇಟೆಯ ಎರಡು ಕಿಲೋಮೀಟರಿನ ಓಡಾಟದಲ್ಲಿ ಅದು ಕಾಯುವುದೇ ಇಲ್ಲ. ದೀಪ ಬಂದ ದಿನ ಹಿರಿಯೂರಿನ ಕಡೆಗೆ ಇಪ್ಪತ್ತು ನಿಮಿಷ, 60 ಕಿಲೋಮೀಟರಿಗಿಂತ ಹೆಚ್ಚಿನ ಒಂದೇ ವೇಗದಲ್ಲಿ ಓಡಿಸಿಕೊಂಡು ಬನ್ನಿ. ದೀಪ ಆರದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ನಿಮ್ಮ ಓಡಾಟವೆಲ್ಲ ಪೇಟೆಯೊಳಗೇ ಆದರೆ ಮುಂದಿನ ಕಾರು ಡೀಸೆಲ್ ಆಗದಿರಲಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಕೊಳ್ಳಬೇಕೆಂದಿರುವ ಕಾರಿನಲ್ಲಿ ಎಸಿಗೆ ಗುಂಡಿಗಳೇ ಇಲ್ಲ, ಎಲ್ಲವೂ ದೊಡ್ಡ ಟಚ್ ಸ್ಕ್ರೀನಿನಲ್ಲಿದೆ. ಮಕ್ಕಳಿಗೆ ಅದೇ ಬೇಕು. ತೊಂದರೆಯೇನಾದರೂ ಇದೆಯೇ?
— ಗೃಹಿಣಿಯೊಬ್ಬರು, ಹರಿಹರ

ಉತ್ತರ: ಇದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಪರದೆಯಲ್ಲಿ ಫ್ಯಾನಿನ ಚಿತ್ರ ಹುಡುಕುತ್ತಾ ಎರಡು ಸೆಕೆಂಡು ಕಳೆದರೆ 44 ಮೀಟರ್ ದೂರವನ್ನು ನೀವು ರಸ್ತೆ ನೋಡದೆ ಕ್ರಮಿಸಿರುತ್ತೀರಿ. ತಿರುಗಿಸುವ ನಾಬನ್ನಾದರೆ ಕೈ ತಾನೇ ಹುಡುಕಿಕೊಳ್ಳುತ್ತದೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಮುಖ್ಯ ಕೆಲಸಗಳಿಗೆ ನಿಜವಾದ ಗುಂಡಿಗಳಿರುವುದನ್ನು ತನ್ನ ಅಂಕಗಳ ಲೆಕ್ಕಕ್ಕೆ ತೆಗೆದುಕೊಂಡಿದೆ. ಎಸಿ ಆ ಪಟ್ಟಿಯಲ್ಲಿಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗುಂಬೆಯ ಮಳೆಯಲ್ಲಿ ವೈಪರಿನಷ್ಟೇ ತುರ್ತಾಗಿ ಗಾಜಿನ ಆವಿ ತೆಗೆಯುವ ಗುಂಡಿಯೂ ಬೇಕಾಗುತ್ತದೆ.

ಆ ಕಾರನ್ನೇ ಕೊಳ್ಳುವುದಾದರೆ ಪರೀಕ್ಷೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ, ಪರದೆ ಬೆಳಕಿಗೆ ಕಾಣುತ್ತದೆಯೇ ನೋಡಿ. ಶೋರೂಮಿನವರು ತಾವೇ ಒತ್ತಿ ತೋರಿಸಲು ಬಂದರೆ ಬೇಡವೆನ್ನಿ. ನಿಂತ ಕಾರಿನಲ್ಲಿ ಚಾಲಕರ ಸೀಟಿನಲ್ಲಿ ಕುಳಿತು, ಕಣ್ಣನ್ನು ಮುಂದಿನ ಗಾಜಿನಿಂದ ಕದಲಿಸದೆ, ಮುಂದಿನ ಗಾಜಿಗೆ ಗಾಳಿ ಹರಿಸಲು ನಿಮ್ಮ ಕೈಗೆ ಸಾಧ್ಯವಾಗುತ್ತದೆಯೇ ಎಂದು ನೀವೇ ಮಾಡಿ ನೋಡಿ.