ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ‘ಹವಾಮಾನ ನಿರಾಶ್ರಿತ’ ಸ್ಥಾನ ಸಿಗುತ್ತದೆಯೇ?

ಮಂಗಳೂರು ಹತ್ತಿರದ ಉಳ್ಳಾಲ, ಸೋಮೇಶ್ವರದ ಕಡೆ ಮನೆ ಸಮುದ್ರಪಾಲಾದವರು ವಿಶ್ವಸಂಸ್ಥೆಯಿಂದ ನಿರಾಶ್ರಿತರ ಮಾನ್ಯತೆ ಪಡೆದು ವಿದೇಶಕ್ಕೆ ಹೋಗಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಆ ಹೆಸರಿನಲ್ಲಿ ಅರ್ಜಿ ತುಂಬಿಸಿ ದುಡ್ಡು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

1951ರ ನಿರಾಶ್ರಿತರ ಒಪ್ಪಂದದ ಪ್ರಕಾರ ವ್ಯಕ್ತಿ ತನ್ನ ದೇಶದ ಹೊರಗಿರಬೇಕು; ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಸಾಮಾಜಿಕ ಗುಂಪಿನ ಕಾರಣಕ್ಕೆ ಕಿರುಕುಳದ ಭಯ ಇರಬೇಕು. ಮನೆ ಕಡಲಿಗೆ ಹೋದದ್ದು ಇದರಲ್ಲಿ ಎಲ್ಲೂ ಕೂರುವುದಿಲ್ಲ. ಭಾರತ ಈ ಒಪ್ಪಂದಕ್ಕೆ ಸಹಿಯನ್ನೂ ಹಾಕಿಲ್ಲ. ಸಮುದ್ರ ಏರುತ್ತಿದೆ ಎಂದು ನಿರಾಶ್ರಿತ ಸ್ಥಾನ ಕೇಳಿದ, ಪೆಸಿಫಿಕ್ ದ್ವೀಪ ದೇಶ ಕಿರಿಬಾಟಿಯ ಐಯೋನೆ ಟೈಟಿಯೋಟಾ ನ್ಯೂಜಿಲೆಂಡ್ ಸುಪ್ರೀಂ ಕೋರ್ಟಿನಲ್ಲಿ 2015ರಲ್ಲಿ ಸೋತರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಅವರ ಪರ ನಿಲ್ಲಲಿಲ್ಲ. ಆದರೆ ಜೀವಕ್ಕೇ ಅಪಾಯವಿರುವಲ್ಲಿಗೆ ವಾಪಸು ಕಳಿಸುವುದು ಬದುಕುವ ಹಕ್ಕಿನ ಉಲ್ಲಂಘನೆ ಆಗಬಹುದು ಎಂದು 2020ರಲ್ಲಿ ಪ್ರಕಟವಾದ ತೀರ್ಮಾನದಲ್ಲಿ ಒಪ್ಪಿತು. ಇನ್ನೊಂದು ದ್ವೀಪ ದೇಶ ತುವಾಲುವಿನ ಜನರಿಗೆ ಆಸ್ಟ್ರೇಲಿಯಾ ವರ್ಷಕ್ಕೆ 280 ವೀಸಾ ಕೊಡುತ್ತಿರುವುದು ಆ ಎರಡು ದೇಶಗಳ ನಡುವಿನ ಒಪ್ಪಂದದಿಂದ ಮಾತ್ರ.

ಉಳ್ಳಾಲ ಬಿಟ್ಟು ದೇರಳಕಟ್ಟೆಗೆ ಹೋದವರು ಆಂತರಿಕವಾಗಿ ಸ್ಥಳಾಂತರಗೊಂಡವರು. ಅವರಿಗೆ 1998ರ ವಿಶ್ವಸಂಸ್ಥೆಯ ಮಾರ್ಗಸೂಚಿ ಇದೆ, ಕಡ್ಡಾಯವಲ್ಲ. ಹೈಕೋರ್ಟಿನಲ್ಲಿ ರಿಟ್ ಹಾಕುವುದಾದರೆ ಬದುಕುವ ಹಕ್ಕಿನ ಬಗೆಗಿನ ಸಂವಿಧಾನದ 21ನೇ ವಿಧಿಯನ್ನೂ 2024ರ ಎಂ.ಕೆ. ರಂಜಿತ್‌ಸಿನ್ಹ್ ತೀರ್ಪನ್ನೂ ಮುಂದಿಡಿ. ಹವಾಮಾನ ಬದಲಾವಣೆಯ ದುಷ್ಪರಿಣಾಮದ ವಿರುದ್ಧ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ನಿಜವಾದ ತೊಡಕು ಪರಿಹಾರದಲ್ಲಿ. 2022–26ರ ವಿಪತ್ತು ಪರಿಹಾರ ನಿಯಮದ ಕೇಂದ್ರ ಪಟ್ಟಿಯಲ್ಲಿ ಚಂಡಮಾರುತ, ನೆರೆ, ಸುನಾಮಿ ಇವೆ, ಕಡಲ್ಕೊರೆತ ಇಲ್ಲ. ರಾಜ್ಯ ತನ್ನ ವಿಪತ್ತು ನಿಧಿಯ ಶೇ. 10ರವರೆಗೆ ಸ್ಥಳೀಯ ವಿಪತ್ತಿಗೆ ಬಳಸಬಹುದು, ಕೇರಳ ಹಾಗೆ ಕಡಲ್ಕೊರೆತವನ್ನು ಸೇರಿಸಿಕೊಂಡಿದೆ. ಆದ್ದರಿಂದ ಮನೆ ಚಂಡಮಾರುತದ ಅಲೆಗೇ ಬಿದ್ದಿದ್ದರೆ ಮಹಜರಿನಲ್ಲಿ (ಸ್ಥಳ ನೋಡಿ ಬರೆಯುವ ವರದಿ) ಆ ದಿನಾಂಕ, ಆ ಕಾರಣ ಸ್ಪಷ್ಟವಾಗಿ ಬರೆಸಿ. ಬರೇ ‘ಕಡಲ್ಕೊರೆತ’ ಎಂದಾದರೆ ಫೈಲು ಅಲ್ಲೇ ನಿಲ್ಲಬಹುದು. ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ ಆ ನಿಯಮದ ಮೊತ್ತ 1.20 ಲಕ್ಷ ರೂ. ಹೋದ ಮನೆ ಜಾಗಕ್ಕೆ ಅದರಲ್ಲಿ ಏನೂ ಇಲ್ಲ, ನನಗೆ ಸಿಟ್ಟು ಬರುವುದು ಇದಕ್ಕೇ. ಜಾಗವೇ ಇಲ್ಲದವರು ಆ ದುಡ್ಡಿನಲ್ಲಿ ಎಲ್ಲಿ ಕಟ್ಟಬೇಕು? ಕೇರಳದ ಪುನರ್‌ಗೇಹಂ ಯೋಜನೆಯ 10 ಲಕ್ಷದಲ್ಲಿ ಜಾಗಕ್ಕೆಂದೇ 6 ಲಕ್ಷದವರೆಗೆ ಇಟ್ಟಿದ್ದರು. ಇಲ್ಲಿಯೂ ಅದನ್ನೇ ಕೇಳಬೇಕು.

ಮಳೆಗಾಲಕ್ಕೆ ಮೊದಲೇ ಪಹಣಿ, 94ಸಿ ಅಥವಾ 94ಸಿಸಿ ಹಕ್ಕುಪತ್ರ (ಸರ್ಕಾರಿ ಜಾಗದಲ್ಲಿನ ಮನೆ ಸಕ್ರಮವಾದದ್ದಕ್ಕೆ ಕೊಡುವುದು), ಸರ್ವೆ ನಕ್ಷೆ, ಮನೆ ತೆರಿಗೆ ರಶೀದಿ, ಕರೆಂಟ್ ಬಿಲ್ಲು ಒಂದು ಕಡೆ ಮಾಡಿ. ಗಡಿಕಲ್ಲು ನೀರಿಗೆ ಹೋದ ಮೇಲೆ ಸರ್ವೆಯವರು ಅಳೆಯುವುದು ಎಲ್ಲಿಂದ? ಅದಕ್ಕೇ ಫೋಟೊದಲ್ಲಿ ಮನೆಯ ಜೊತೆ ಗಡಿಕಲ್ಲು, ನಂಬರು ಕಾಣುವ ಹಾಗೆ ರಸ್ತೆಬದಿಯ ಕರೆಂಟ್ ಕಂಬ, ಎರಡೂ ಬರಲಿ. ಮೊಬೈಲಿನ ಲೊಕೇಶನ್ ಆನ್ ಇರಲಿ. ಮನೆ ಬಿದ್ದ ದಿನವೇ ಗ್ರಾಮಕರಣಿಕರನ್ನು ಕರೆಸಿ ಮಹಜರು ಮಾಡಿಸಿ, ಪ್ರತಿ ಕೇಳಿ ಪಡೆಯಿರಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬದಲಿ ಜಾಗ ತೋರಿಸಿದರೆ, ಮೀನುಗಾರಿಕೆಯ ಕುಟುಂಬವಾದಲ್ಲಿ, ದೋಣಿ ಎಳೆದಿಡುವ ಜಾಗಕ್ಕೆ ಅಲ್ಲಿಂದ ಎಷ್ಟು ದೂರ ಎಂದು ಒಪ್ಪುವ ಮೊದಲೇ ನೋಡಿ, ಆಕ್ಷೇಪವಿದ್ದರೆ ಲಿಖಿತವಾಗಿಯೇ ಕೊಡಿ.